ನಲವತ್ತೈದು ಸುತ್ತಿನ ತಟ್ಟೆ

ರೌಮಾ ಬಂದರಿನ ಹಳೆಯ ಹೆರಿಂಗ್ ಗೋದಾಮು.
ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿ
ಸ್ಟುಡಿಯೋ ಅಂದಿದ್ದ ಸೆಪ್ಪೋ.
ಮೀನಿನ ವಾಸನೆ ಮಾತ್ರ ಬಾಡಿಗೆ ಕೊಡದೆ
ಅಲ್ಲೇ ಉಳಿದಿತ್ತು.

ಎಂಬತ್ತೊಂದರ ಫೆಬ್ರವರಿ. ನಾವು ನಾಲ್ವರು,
ತಂಡದ ಹೆಸರು ಒಂಟಿ ಹೆಡ್‌ಲೈಟ್,
ನಾವು ಹುಟ್ಟುವ ಹೊತ್ತಿಗೇ ಹಳತಾಗಿದ್ದ
ರಾಕಬಿಲಿಯ ಹುಚ್ಚು ಹತ್ತಿಸಿಕೊಂಡವರು.
ಇಲ್ಪೋನ ತಲೆಗೆ ಎಷ್ಟು ಪೊಮೇಡ್ ಎಂದರೆ
ಹೊರಗಿನ ಮೈನಸ್ ಇಪ್ಪತ್ತರಲ್ಲಿ
ಕ್ರಾಪು ಹಂಚಿನಂತೆ ಗಟ್ಟಿಯಾಗುತ್ತಿತ್ತು.
ನಾನು ಬೇಸ್. ಆಳೆತ್ತರದ ಮರದ ಹೊಟ್ಟೆ,
ತಂತಿಗೆ ಬಡಿದರೆ ಅರಳು ಹುರಿದಂತೆ ಸದ್ದು,
ಬೆರಳಿಗೆ ಮೂರು ಸುತ್ತು ಪ್ಲಾಸ್ಟರು.

ಯುಗಳಗೀತೆಗೆ ಬರಬೇಕಿದ್ದವಳು ಇಲ್ಪೋನ ಹುಡುಗಿ.
ಹಿಂದಿನ ರಾತ್ರಿ ಅವರ ಮಧ್ಯೆ ಏನಾಯಿತೋ,
ಬರಲಿಲ್ಲ.
ಸೆಪ್ಪೋ ಫೋನು ತಿರುಗಿಸಿ ಯಾರಿಗೋ ಹೇಳಿದ:
"ಕೆಲಸ ಮುಗಿಸಿ ಬಾ. ಹೌದು, ಊಟ ಕೊಡುತ್ತಾರೆ."

ಬಂದವಳು ಲೆಂಪಿ ಹಾಪಸಾರಿ.
ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುವವಳು,
ಒಂದು ಕಾಲಕ್ಕೆ ದಂಡೆಯ ಕುಣಿತದ ಮಂಟಪಗಳಲ್ಲಿ
ಟ್ಯಾಂಗೋ ಹಾಡಿದವಳಂತೆ. ಐವತ್ತೇಳು ವರ್ಷ.
ಒದ್ದೆ ಕೈಗವಸು ರೇಡಿಯೇಟರಿನ ಮೇಲಿಟ್ಟು
ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು:
ಮಡಿಚಿದ ಜೀನ್ಸು, ದಪ್ಪ ಅಟ್ಟೆಯ ಬೂಟು,
ತಾಯ್ಸ್ತೋನ ಕೊರಳಿನ ಚುಕ್ಕೆ ಕರವಸ್ತ್ರ.
"ಐವತ್ತರ ದಶಕವೇ ಇದು?" ಎಂದಳು.
"ನನಗೆ ಗುರುತೇ ಸಿಗಲಿಲ್ಲ.
ಆಗ ನಾನು ಕಂಬಳಿ ಕತ್ತರಿಸಿ ಕೋಟು ಹೊಲಿಯುತ್ತಿದ್ದೆ."

ನಗಬೇಕೋ ಬೇಡವೋ ತಿಳಿಯದೆ
ಶ್ರುತಿ ಮಾಡಿಕೊಂಡೆವು.

ಹಾಡು ಇಷ್ಟೆ: ಅವನು ಟೆಲಿಫೋನ್ ಬೂತಿನಲ್ಲಿ,
ಕೈಯಲ್ಲಿ ಕೊನೆಯ ಬಿಲ್ಲೆ.
ಬರುತ್ತೀಯಾ ಅನ್ನುತ್ತಾನೆ, ಬರುವುದಿಲ್ಲ ಅನ್ನುತ್ತಾಳೆ,
ಫೋನು ಮಾತ್ರ ಇಡುವುದಿಲ್ಲ.
"ಹುಡುಗಿಗೆ ಎಷ್ಟು ವಯಸ್ಸು?"
"ಹತ್ತೊಂಬತ್ತು," ಇಲ್ಪೋ ಅಂದ.
ಲೆಂಪಿ ತಲೆಯಾಡಿಸಿದಳು,
ಸಂತೆಯಲ್ಲಿ ದರ ಕೇಳಿ ಮುಂದೆ ಹೋಗುವವರ ಹಾಗೆ.

ಒಂದೇ ಮೈಕು. ಇಲ್ಪೋ ಅದನ್ನು ನುಂಗುವಷ್ಟು ಹತ್ತಿರ,
ಲೆಂಪಿ ಮೂರು ಹೆಜ್ಜೆ ಹಿಂದೆ, ಬಾಗಿಲ ಬಳಿ.
ಮೈಕೇ ಇರದ ಮಂಟಪದಲ್ಲಿ ಬೆಳೆದ ಗಂಟಲು ಅದು.
ಯುಕ್ಸಿ, ಕಾಕ್ಸಿ ಎಂದು ಎಣಿಸಿ ಹೊರಟೆವು.
ನಾವು ಏರಿಗೆ ಎಳೆದೆವು,
ಅವಳು ನೀರಿಗೆ.
ಪ್ರತಿ ಮಾತನ್ನೂ ತಾಳ ದಾಟಿದ ಮೇಲೆ,
ಬಸ್ಸು ಹೋದ ಮೇಲೆ ನಿಲ್ದಾಣಕ್ಕೆ ಬರುವವಳಂತೆ,
ಅವಸರವಿಲ್ಲದೆ ಇಡುತ್ತಿದ್ದಳು.
ನನ್ನ ಕೈಗೆ ಗಾಬರಿ. ಡ್ರಮ್ಮಿನ ಹಿಂದಿಂದ
ಓಯ್ವಾ ಕಣ್ಣು ಕೆಂಪಗೆ ಮಾಡಿದ.

ಮೂರನೆಯ ಚರಣ. "ಬರುವುದಿಲ್ಲ" ಎಂದು
ನಾಲ್ಕು ಸಲ ಬರೆದಿತ್ತು.
ಅವಳು ಒಂದೇ ಸಲ ಹಾಡಿದಳು.
ಉಳಿದ ಮೂರು ಎಲ್ಲಿ ಹೋದವು, ಯಾರಿಗೆ ಗೊತ್ತು.
ಇಲ್ಪೋ ತನ್ನ ಸಾಲು ಮರೆತ. ಮರೆತನೋ,
ಗಂಟಲು ಕಟ್ಟಿತೋ, ಇವತ್ತಿಗೂ ಬಾಯಿಬಿಟ್ಟಿಲ್ಲ.
ಎಂಟು ಮಾತ್ರೆ ನನ್ನ ಬೇಸ್ ಒಂದೇ ನಡೆಯಿತು
ಖಾಲಿ ಬೀದಿಯಲ್ಲಿ, ಕೀಲಿ ಕಳೆದುಕೊಂಡವನ ಹಾಗೆ.

"ಇನ್ನೊಂದು ಸಲ," ಅಂದೆವು.
"ಆಲೂಗಡ್ಡೆ ನಾಳೆಯೂ ಇದೆ," ಅಂದಳು.
ಗುರುವಾರದ ಬಟಾಣಿ ಸೂಪು ಕುಡಿದು,
ಗವಸು ಇನ್ನೂ ಒದ್ದೆಯಿದ್ದಂತೆಯೇ ಹಾಕಿಕೊಂಡು ಹೋದಳು.

ಮುನ್ನೂರು ತಟ್ಟೆ ಒತ್ತಿಸಿದೆವು.
ನೂರ ಹತ್ತು ಈಗಲೂ ಓಯ್ವಾನ ಅಟ್ಟದಲ್ಲಿ.
ಲೇಬಲ್ಲಿನಲ್ಲಿ ಒಂದಕ್ಷರ ತಪ್ಪಿ
ಲೆಂಪಿ ಲಂಪಿಯಾಗಿದ್ದಳು;
ನಮ್ಮ ಮಾತಿನಲ್ಲಿ ಒಲವು ಇದ್ದದ್ದು ಕೊಳ.
ಹೆದರುತ್ತ ತೋರಿಸಿದೆ.
"ಇರಲಿ ಬಿಡು, ಅದರಲ್ಲೂ ಮುಳುಗಬಹುದು."

ಮೊನ್ನೆ ಮೊಮ್ಮಗಳು ವೇಗದ ಗುಂಡಿ ನೋಡದೆ
ಮೂವತ್ಮೂರರಲ್ಲಿ ಹಾಕಿಬಿಟ್ಟಳು.
ಇಲ್ಪೋನದು ಗೂಳಿಯ ದನಿ,
ನನ್ನ ಬೇಸ್ ಕಟ್ಟಿಹಾಕಿದ ದೋಣಿ ಕಟ್ಟೆಗೆ ತಾಗುವ ಸದ್ದು.
ಈಗಲಾದರೂ ಜೊತೆಯಾದೆವು ಎಂದುಕೊಂಡೆ.
ಎಲ್ಲಿ!
ಅಷ್ಟು ನಿಧಾನಕ್ಕೂ ಅವಳು
ಮೂರು ಹೆಜ್ಜೆ ಹಿಂದೆ, ಬಾಗಿಲ ಬಳಿ.

"ಸರಿಮಾಡಲಾ ಅಜ್ಜ?"
ತಾಳು, ಅಂದೆ.
ಇವನು ಸಾಲು ಮರೆಯುವ ಜಾಗ ಬರುತ್ತದೆ.