ಅಳತೆ ಚೀಟಿ

ಏಳೂವರೆಗೇ ಕೌಲ್ ಬಜಾರಿನ ನಮ್ಮ ಶೆಡ್ಡಿನ
ತಗಡು ಕಾಯ್ದಿತ್ತು.
ಸ್ವಿಚ್ ಹಾಕಿದೆ. ಪೆಟ್ಟಿಗೆಯ ಫ್ಯಾನ್ ಗುಂಯ್ ಅಂತು.
ಪರದೆ ಕಪ್ಪು.
ಎಡಮೂಲೆಯಲ್ಲೊಂದು ಸಣ್ಣ ಗೆರೆ
ಕಣ್ಣು ಮಿಟುಕಿಸುತ್ತಿತ್ತು, ಅಷ್ಟೆ,
ಬಾಕಿ ಕೇಳಲು ಬಂದು ಬಾಯಿ ಬಿಡದವನ ಹಾಗೆ.

ಅದರೊಳಗೆ ಆರುನೂರು ಪ್ಯಾಂಟುಗಳ ಮಾರ್ಕರ್ ಇತ್ತು.
ಮೂವತ್ತರ ಸೊಂಟ, ಮೂವತ್ತೆರಡರ ಸೊಂಟ,
ಜೇಬಿನ ಒಳಬಟ್ಟೆ, ಬೆಲ್ಟಿನ ಪಟ್ಟಿ,
ಒಂದಂಗುಲವೂ ಹಾಳಾಗದಂತೆ
ಮೂರು ರಾತ್ರಿ ಕೂತು ಒಂದರ ತೊಡೆಗೆ ಒಂದನ್ನು ಒರಗಿಸಿದ್ದೆ.
ಹಾಸಿದ ಡೆನಿಮ್ಮಿನ ಮೇಲೆ ಆ ಗೆರೆ ಬೀಳದೆ ಕತ್ತರಿ ಏಳುವುದಿಲ್ಲ.
ಕತ್ತರಿ ಏಳದೆ ಮಿಷನ್ನು ಓಡುವುದಿಲ್ಲ.
ಓಡದ ಮಿಷನ್ನಿಗೆ ಪೀಸಿನ ಲೆಕ್ಕವಿಲ್ಲ.

ಖಾಜಾವಲಿ ಮಾಸ್ಟರ್ ಎಲೆಯಡಿಕೆ ದವಡೆಗೆ ಸರಿಸಿ ಕೇಳಿದರು:
"ಏನಾತಮ್ಮ?"
"ಡ್ರೈವರಿಗೂ ಕರ್ನಲ್ಲಿಗೂ ಕೂಡಿಬರ್ತಿಲ್ಲ ಮಾಸ್ಟರ್."
"ಯಾವ ಡ್ರೈವರ್? ಕರ್ನೂಲಿಗೆ
ನಮ್ಮ ಗಾಡಿ ಯಾವಾಗ ಹೋಗಿತ್ತು?"
ನಗು ಬಂತು. ನಗುವ ಹೊತ್ತಲ್ಲ.
ಹೊರಗೆ ಹನ್ನೊಂದು ಜೊತೆ ಚಪ್ಪಲಿ ಸಾಲಾಗಿದ್ದವು.

ಹೇಗೆ ಹೇಳಲಿ ಎಂದು ಸುತ್ತ ನೋಡಿದೆ.
ಜಿಪ್ಪಿನ ಡಬ್ಬಿ ಕಂಡಿತು.
ಐದನೇ ನಂಬರಿನ ಹಲ್ಲಿನ ತುದಿಗೆ ನಾಲ್ಕರ ರನ್ನರ್ ಹಿಡಿದು ಕೊಟ್ಟೆ:
"ಏರಿಸ್ರಿ."
ಏರಲಿಲ್ಲ.
"ಎರಡೂ ಹೊಸವೇ. ಎರಡೂ ಚೆನ್ನಾಗೇ ಅದಾವೆ."
ಮಾಸ್ಟರ್ ಇನ್ನೊಮ್ಮೆ ಎಳೆದು ನೋಡಿದರು, ಹಟಕ್ಕೆ.
ಆಮೇಲೆ ಏನೂ ಕೇಳಲಿಲ್ಲ.

ನಿನ್ನೆ ಮನೆಗೆ ಹೋಗುವ ಅವಸರದಲ್ಲಿ
ಅಪ್‌ಡೇಟ್ ಅಂದಿದ್ದಕ್ಕೆ ಹೂಂ ಒತ್ತಿದವಳು ನಾನೇ.
ಆರು ಚುಕ್ಕಿ ಐದು ಇದ್ದ ಕರ್ನಲ್
ರಾತ್ರಿ ಆರು ಚುಕ್ಕಿ ಎಂಟಾಗಿದೆ,
ಬೇಸಿಗೆ ರಜೆಯಲ್ಲಿ ಸರ್ರನೆ ಉದ್ದವಾದ ಹುಡುಗನ ಹಾಗೆ.
ಡ್ರೈವರ್ ಮಾತ್ರ ಹಳೇ ಸೊಂಟಕ್ಕೆ ಹೊಲಿದದ್ದು.
ನಮ್ಮ ಕಾರ್ಡಿನ ಡ್ರೈವರ್ ರೆಡಿಮೇಡ್ ಅಲ್ಲ,
ಕರ್ನಲ್ ಬದಲಾದಾಗೆಲ್ಲ ಮೈ ಹಿಡಿದು ಮತ್ತೆ ಹೊಲಿಯಬೇಕು.
ಹೊಲಿಯಲು ಅಳತೆ ಚೀಟಿ ಬೇಕು. ಹೆಡರ್ಸ್ ಅಂತಾರೆ.
ಚೀಟಿ ಬಂದಿರಲಿಲ್ಲ.
ಒಳಗಿನ ದರ್ಜಿ ಯಾರಿಗೂ ಹೇಳದೆ
ಕತ್ತರಿ ಇಟ್ಟು ಮಲಗಿಬಿಟ್ಟಿದ್ದ.

ಈ ಪೆಟ್ಟಿಗೆ ಕೂಡಿಸಿ ಕೊಟ್ಟ ಗಾದಿಲಿಂಗ
ಈಗ ಸಿರುಗುಪ್ಪದಲ್ಲಿ ಪಂಪ್‌ಸೆಟ್ ರಿಪೇರಿಗಿದ್ದಾನೆ.
ಅವನ ಅಕ್ಷರ ಲೆಡ್ಜರಿನ ಕೊನೇ ಪುಟದಲ್ಲಿದೆ,
ತಾಮ್ರದ ಬಟನ್ನಿನ ಲೆಕ್ಕದ ಕೆಳಗೆ:
ಕಪ್ಪಾದ್ರೆ ಅಂಜಬ್ಯಾಡ. ಎಸ್ಕೇಪ್ ಒತ್ತು. ಹಳೇದ್ರಾಗೆ ಎಬ್ಬಿಸು.

ಒತ್ತಿದೆ.
ಪಟ್ಟಿ ಬಂತು. ಕೆಳಗಿಂದ ಎರಡನೆಯದು.
ಹಳೇ ಕರ್ನಲ್ ಅಲ್ಲೇ ಇತ್ತು,
ಹೊಸದು ಬಂತೆಂದು ಮುನಿಸಿಕೊಂಡಿರಲೂ ಇಲ್ಲ.
ಪರದೆ ನೀಲಿಯಾಯಿತು, ಎರಡು ವಾಶ್ ಆದ ನೀಲಿ.
ಪ್ಲಾಟರ್ ಕೆಮ್ಮಿ ಗೆರೆ ಎಳೆಯತೊಡಗಿತು.

ಗಂಟೆ ಒಂಬತ್ತೂ ಇಪ್ಪತ್ತು.
ಅಷ್ಟರೊಳಗೆ ಮಾಬುನ್ನಿಯ ಮೂವತ್ತು ಜೇಬು ಮುಗಿಯಬೇಕಿತ್ತು.
ಜೇಬಿಗೆ ಎರಡೂವರೆ.
ಎಪ್ಪತ್ತೈದು ರೂಪಾಯಿ ಎಲ್ಲಿ ಹೋಯಿತೆಂದು
ಯಾವ ಲಾಗಿನಲ್ಲೂ ಬರೆದಿಲ್ಲ. ಹುಡುಕಿದೆ.
ಅವಳ ಹೆಸರಿನ ಮುಂದೆ ಪೆನ್ಸಿಲ್ಲಿನಲ್ಲಿ ಮೂವತ್ತು ಎಂದು ಬರೆದೆ.
ಉಳಿದ ಹತ್ತು ಹೆಸರುಗಳ ಮುಂದೆ
ಏನು ಬರೆಯಬೇಕೋ ತಿಳಿಯದೆ ಪುಟ ಮುಚ್ಚಿದೆ.

"ನಡೀತಿರೋದನ್ನ ಮುಟ್ಟಬ್ಯಾಡ" ಎಂದು
ಸಂಜೆ ಹೊರಡುವಾಗ ಮಾಸ್ಟರ್ ಹೇಳಿದ್ದರು.
ಸುಳ್ಳಲ್ಲ ಅದು.
ಆದರೂ ಎಲ್ಲರೂ ಹೋದ ಮೇಲೆ
ಮೊಬೈಲಿನ ನೆಟ್ಟಿನಿಂದ ಹನಿಹನಿಯಾಗಿ ಚೀಟಿ ತರಿಸಿದೆ.
ದರ್ಜಿ ಎದ್ದ.
ಕಪ್ಪು ಬಟ್ಟೆಯ ಮೇಲೆ ಬಿಳಿ ಹೊಲಿಗೆ ಸಾಲುಸಾಲಾಗಿ ಓಡಿ ನಿಂತಿತು.
ಬೆಟ್ಟದ ಕಲ್ಲು ಹಗಲೆಲ್ಲ ಕುಡಿದ ಬಿಸಿಲನ್ನು
ಕಿಟಕಿಯೊಳಕ್ಕೆ ಊದುತ್ತಿತ್ತು.

ರೀಸ್ಟಾರ್ಟ್ ಒತ್ತಿದೆ.
ಮತ್ತೆ ಕಪ್ಪು. ಮೂಲೆಯಲ್ಲಿ ಅದೇ ಗೆರೆ.
ಕೈಯಲ್ಲಿ ಬೆಳಗಿನ ಜಿಪ್ಪು,
ಈಗ ಐದರ ರನ್ನರ್ ಹಾಕಿದ್ದು.
ಏರಿಸಿದೆ, ಇಳಿಸಿದೆ,
ಏರಿಸಿದೆ.