ಇತರೆ

ಮದುವೆ ಕಾರ್ಡಿನ ಹಿಂಬದಿಗೆ ಬರೆದೆ ಮೊದಲ ಗಿಡ.
ಗಂಡಿಗೆ ಚೌಕ, ಹೆಣ್ಣಿಗೆ ದುಂಡು,
ಬಿದ್ದವರಿಗೆ ಕಪ್ಪು ತುಂಬು,
ಹೀಗೆಂದು ಕಲಿಸಿದವಳು ಡಾಕ್ಟರ್ ನುಝತ್,
ಕಲಬುರಗಿಯಿಂದ ಶನಿವಾರದ ಬಸ್ಸಿಗೆ ಬಂದು
ನೌಬಾದಿನ ನಮ್ಮ ಕಟ್ಟೆಯ ಮೇಲೆ ಕಾಲು ಮಡಚಿ ಕೂತು.

ಮುತ್ಯಾ ಮಾಣಿಕಪ್ಪ: ಐವತ್ತೊಂದಕ್ಕೆ ಲಕ್ವಾ.
ಗಾಳಿ ಸೋಕಿತ್ತು ಎಂದರು.
ಅವನ ತಂಗಿ ತಾರಾಬಾಯಿ: ಒಲೆಯ ಮುಂದೆ ಕೂತವಳು
ರೊಟ್ಟಿ ಬಡಿಯುವುದನ್ನೇ ಮರೆತಳು.
ಹಿಟ್ಟು ಕೈಯಲ್ಲಿತ್ತು, ಕೈ ಯಾರದೆಂದು ತಿಳಿಯಲಿಲ್ಲ.
ಸೊಸಿ ಮಾಟ ಮಾಡಿಸ್ಯಾಳ ಎಂದರು.
(ಆ ಸೊಸೆ ಹನ್ನೆರಡು ವರ್ಷ ಅವಳ ಹೇಲುಚ್ಚೆ ಬಳಿದಳು.
ಗಿಡದಲ್ಲಿ ಅವಳದು ಖಾಲಿ ದುಂಡು.)

ಅವ್ವ: ಮೂವತ್ತಕ್ಕೇ ಅರೆತಲೆ ನೋವು.
ನೋವಿಗೂ ಮೊದಲು ಕಣ್ಣ ಮುಂದೆ
ಹಲ್ಲು ಹಲ್ಲಾಗಿ ಮಿಂಚುವ ಗೋಡೆ.
"ಕಿಲ್ಲೇ ಕಾಣ್ತದವ್ವಾ, ಕಣ್ಣು ಮುಚ್ಚಿದ್ರೂ."
ನಾವು ನಕ್ಕಿದ್ದೆವು.
ಬೀದರಿನವಳಿಗೆ ಕಿಲ್ಲೆಯಲ್ಲದೆ ಇನ್ನೇನು ಕಂಡೀತು?
ನುಝತ್ ನಗಲಿಲ್ಲ.
ಪೆನ್ನಿನ ಮುಚ್ಚಳ ತೆಗೆದಳು.

"ದೊಡ್ಡ ನಾಳ ಅಲ್ಲ, ಕೂದಲಿಗಿಂತ ಸಣ್ಣವು"
ಎಂದು ಅವಳು ಶುರು ಮಾಡುತ್ತಲೇ
ಸೋದರಮಾವ ಘಾಳೆಪ್ಪ ಕೋಲು ಹುಡುಕಿ ಎದ್ದ.
ಸುರಂಗ ಬಾವಿಯ ಬಾಯಿಗೆ ಕರೆದೊಯ್ದ.
ನೆಲದಡಿ ಮೈಲುಗಟ್ಟಲೆ ನೀರಿನ ದಾರಿ,
ಹರೆಯದಲ್ಲಿ ಹೂಳೆತ್ತಲು ಇಳಿದವನು, ದಿನಗೂಲಿಗೆ.
"ನೋಡ್ರಿ ಬಾಯಿ, ನೀರು ಒಮ್ಮಿಗೇ ನಿಲ್ಲಂಗಿಲ್ಲ.
ಗ್ವಾಡಿ ದಪ್ಪಾಗ್ತದ, ದಾರಿ ಸಣ್ಣಾಗ್ತದ.
ಮ್ಯಾಲ ಇದ್ದವ್ರಿಗಿ ಖೂನಾನೇ ಸಿಗಂಗಿಲ್ಲ.
ಒಂದಿನ ಒಂದು ಓಣಿ ಒಣಗಿರ್ತದ."
ತಂದಿದ್ದ ಚಿತ್ರಗಳನ್ನು ನುಝತ್ ಚೀಲದಿಂದ ತೆಗೆಯಲೇ ಇಲ್ಲ.
ಭಾಲ್ಕಿಯಲ್ಲೂ ಔರಾದಿನಲ್ಲೂ ಇದನ್ನೇ ಹೇಳಿದಳು ಆಮೇಲೆ,
ಮಾವನ ಹೆಸರು ತೆಗೆದುಕೊಂಡು.

ಹುಮನಾಬಾದಿನ ಚಿಗವ್ವ ಮಾತ್ರ ಹೊಸ್ತಿಲಲ್ಲೇ ನಿಲ್ಲಿಸಿದಳು.
"ಮಗಳಿಗಿ ವರ ನೋಡ್ಲಿಕತ್ತೀವಿ.
ನಿನ್ನ ಗಿಡದಾಗ ನನ್ನ ಟೊಂಗಿ ಬರೀಬ್ಯಾಡ."
ಅವಳೆದುರೇ ರಬ್ಬರಿನಿಂದ ಅಳಿಸಿದೆ.
ಉಜ್ಜಿದ ಜಾಗ ತೆಳ್ಳಗಾಯಿತು.
ಬೆಳಕಿಗೆ ಹಿಡಿದರೆ ಈಗ
ಮೊದಲು ಕಾಣುವುದು ಅದೇ.

ಕಚೇರಿಯಲ್ಲಿ ಗುಮಾಸ್ತ: ರೋಗದ ಹೆಸರು?
ಇಂಗ್ಲಿಷಿನ ಏಳಕ್ಷರ. ಹೇಳಿದೆ.
"ಪಟ್ಟಿಯೊಳಗ ಇಲ್ಲ. ಇತರೆ ಅಂತ ಬರೀರಿ."
ಇತರೆಗೆ ಪಿಂಚಣಿ ಉಂಟೇ?
"ಇತರೆಗ ಹ್ಯಾಂಗ ಬರ್ತದ್ರೀ?"
ಆರು ಸಲ ಹೋದೆ, ಆರು ಸಲ ಇತರೆ.
ಏಳನೆಯ ಸಲ ಮಾವನನ್ನೇ ಕರೆದೊಯ್ದೆ.
ಎಡಗಾಲು ಎಳೆಯುತ್ತ ಎರಡು ಮಹಡಿ ಹತ್ತಿ
ಕುರ್ಚಿ ಕಾಣದೆ, ಗುಮಾಸ್ತನ ಮೇಜಿನ ಅಂಚಿಗೇ ಕೂತು
ಉಸಿರು ಬಂದ ಮೇಲೆ ಅಂದ:
"ನಾನೇರಿ ಸಾಹೇಬ್ರ, ಆ ಇತರೆ."
ಗುಮಾಸ್ತ ಫೈಲು ಮುಚ್ಚಿದ, ಮತ್ತೆ ತೆರೆದ.
ಅಂದು ಸಹಿ ಆಗಲಿಲ್ಲ.
ಚಹಾ ತರಿಸಿದ.

"ಔಷಧ ಅದಾ?"
ಪ್ರತಿ ಮನೆಯ ಮೊದಲ ಪ್ರಶ್ನೆ.
"ಇಲ್ಲ," ಎನ್ನುತ್ತಾಳೆ ನುಝತ್,
"ಇನ್ನೂ" ಎಂಬ ಮಾತನ್ನು ಆಮೇಲೆ,
ಬಹಳ ತಡಮಾಡಿ, ಮೆಲ್ಲಗೆ ಸೇರಿಸುತ್ತಾಳೆ.
ಆದರೂ ತೋಳು ಚಾಚುತ್ತಾರೆ ಜನ.
ಹದಿನಾಲ್ಕು ಕೊಳವೆ, ಥರ್ಮಾಕೋಲ್ ಪೆಟ್ಟಿಗೆ, ಮಂಜುಗಡ್ಡೆ.
"ಡಬ್ಬಿಗಿ ಟಿಕೆಟ್ ತಗೀರಿ" ಎಂದ ಕಂಡಕ್ಟರ್.
ತೆಗೆದಳು. ಪೆಟ್ಟಿಗೆಗೆ ಕಿಟಕಿ ಪಕ್ಕ ಸೀಟು,
ಅವಳು ಈಚೆ.

ಅದರಲ್ಲಿ ಒಂದು ನನ್ನದು,
ಮೇಲೆ ನನ್ನದೇ ಅಕ್ಷರದಲ್ಲಿ ನನ್ನ ಹೆಸರು.
ಕಾರ್ಡಿನಲ್ಲಿ ನನ್ನ ದುಂಡು ಇನ್ನೂ ಖಾಲಿ.
ಕೆಳಗೆ ಎರಡು ಗೆರೆ ಇಳಿದಿವೆ ಮಕ್ಕಳಿಗೆ,
ಅವನ್ನಷ್ಟೇ ಪೆನ್ಸಿಲ್ಲಿನಲ್ಲಿ ಎಳೆದಿದ್ದೇನೆ.

ಮೊನ್ನೆ ರಾತ್ರಿ ಹುಮನಾಬಾದಿನಿಂದ ಫೋನು.
ಚಿಗವ್ವ ಅಲ್ಲ, ಮಗಳು.
ಪಿಸುದನಿ. ಹಿತ್ತಲಿಗೆ ಬಂದು ಮಾತಾಡುತ್ತಿರಬೇಕು,
ನಾಯಿಯೊಂದು ಬೊಗಳುತ್ತಿತ್ತು.
"ಅಕ್ಕಾ, ಕಣ್ಣ ಮುಂದ ಗರಗಸದ ಹಲ್ಲಿನಂಗ
ಏನೋ ಮಿಂಚ್ತದ. ನಿಮ್ಮವ್ವಗೂ..."
ಅಷ್ಟಕ್ಕೇ ನಿಲ್ಲಿಸಿದಳು.

ಶನಿವಾರ ಬಾ, ಎಂದೆ.
ಬಸ್ಸು ಹತ್ತೂವರೆಗೆ.