ಒಳಗೆ ಬಿಟ್ಟ ಬಟ್ಟೆ

ಜೂನ್ ಬಂತೆಂದರೆ ನನ್ನಂಗಡಿ ತುಂಬ ನೀಲಿ ಚೌಕಳಿ.
ಸಾಲಗಾಮೆ ರಸ್ತೆಯ ಅಷ್ಟೂ ಶಾಲೆಗಳ ಅಮ್ಮಂದಿರದು
ಒಂದೇ ಮಾತು:
ಬೆಳೆಯೋ ಮಗು, ಸ್ವಲ್ಪ ಸಡಿಲ ಇರಲಿ ಅಕ್ಕ.
ನಾನು ಪಕ್ಕೆಯ ಹೊಲಿಗೆಯೊಳಗೆ ಎರಡು ಬೆರಳು
ಬಟ್ಟೆ ಮಡಿಚಿ ಬಿಡುತ್ತೇನೆ, ಬರುವ ವರ್ಷಕ್ಕೆ.

ಇಂಚರ ಮಾತ್ರ ಆಗಸ್ಟಿನಲ್ಲೇ ಬಂದಳು, ಒಬ್ಬಳೇ.
"ಹಿಡಿದು ಕೊಡಿ ಆಂಟಿ."
ಹಿಡಿದುಕೊಟ್ಟೆ.
ದಸರಾ ರಜೆ ಮುಗಿದ ಮೇಲೆ ಮತ್ತೆ,
"ಇನ್ನೂ ಸ್ವಲ್ಪ."
ಹಿಡಿದೆ. ಹೊಗಳಿದೆ ಕೂಡ, ನನ್ನ ಬಾಯಿಗೆ ಮಣ್ಣು ಹಾಕ:
"ಪರವಾಗಿಲ್ವೇ, ಸಣ್ಣ ಆಗಿದ್ದೀಯ, ಲಕ್ಷಣವಾಗಿ!"
ಅವಳ ಮುಖ ಬೆಳಗಿತು.
ಆ ಬೆಳಕನ್ನು ನೆನೆದರೆ ಈಗಲೂ
ಸೂಜಿ ಬೆರಳಿಗೆ ಹೋಗುತ್ತದೆ.

ಅಪ್ಪ ತಮ್ಮಯ್ಯ ಎಪಿಎಂಸಿ ಯಾರ್ಡಿನಲ್ಲಿ ತೂಕದವರು.
ಆಲೂಗೆಡ್ಡೆ ಮೂಟೆ ಎಷ್ಟು ತೂಗೀತೆಂದು
ಕಣ್ಣಲ್ಲೇ ಹೇಳಬಲ್ಲವರು.
ಏಳನೇ ಕ್ಲಾಸಿನಲ್ಲಿ ಯಾರೋ ಒಬ್ಬ, ಅದೇ ನೆಪಕ್ಕೆ,
ಅವಳಿಗೆ ಆಲೂಗೆಡ್ಡೆ ಎಂದು ಹೆಸರಿಟ್ಟ.
ಊರಿಗೆಲ್ಲ ಅನ್ನ ಹಾಕಿದ ಗೆಡ್ಡೆ!
ಅವನು ಮರೆತಿರಬಹುದು, ಈಗ ಬೇರೆ ಶಾಲೆ.
ಹೆಸರು ಇವಳ ಹಿಂದೆಯೇ ಬಂದು ಕನ್ನಡಿಯೊಳಗೆ ಕೂತಿದೆ.

ಮೂರನೇ ಸಲ ಟೇಪು ಸುತ್ತಿದಾಗ
ತುದಿ ಎಲ್ಲಿಗೋ ಹೋಯಿತು.
ಆ ಅಂಕಿಯನ್ನು ನಾನು ಹೇಳುವುದಿಲ್ಲ,
ಅಳತೆ ಪುಸ್ತಕದಲ್ಲೂ ಬರೆಯಲಿಲ್ಲ.
ಮುಂಗೈ ಮೇಲೆ ಹಸುಗೂಸಿನ ಮೈಯಂಥ ಎಳೆ ಕೂದಲು.
ಮಧ್ಯಾಹ್ನದ ಬಿಸಿಲಿನಲ್ಲೂ ಸ್ವೆಟರ್.
"ಊಟ ಆಯ್ತು ಆಂಟಿ" ಎಂದಳು, ನಾನು ಕೇಳುವ ಮೊದಲೇ.

ನನಗೆ ಗೊತ್ತಿದ್ದ ಹಸಿವು ಬೇರೆ.
ನಾವು ಆರು ಜನ, ಮುದ್ದೆ ನಾಲ್ಕು.
ಇಲ್ಲದ್ದಕ್ಕೆ ಹಸಿವು ಎಂದಷ್ಟೇ ಕಲಿತವಳು.
ತಟ್ಟೆ ತುಂಬ ಇದ್ದೂ ಒಂದು ತುತ್ತಿನೆದುರು
ಕಟಕಟೆ ಹತ್ತಿದವಳಂತೆ ನಡುಗುವುದು,
ಇದಕ್ಕೆ ನನ್ನ ಹತ್ತಿರ ಅಳತೆ ಇರಲಿಲ್ಲ.
"ಕೊಬ್ಬು" ಎಂದರಂತೆ ಅವಳಜ್ಜಿ.
ತಿನ್ನದೆ ಒಣಗಿದರೂ ಕೊಬ್ಬು ಎನ್ನುವ ಭಾಷೆ ನಮ್ಮದು.
ಅಮ್ಮ ದೃಷ್ಟಿಯೆಂದು ಮೆಣಸಿನಕಾಯಿ ನಿವಾಳಿಸಿದಳು.

ನಾನು ಹಿಡಿಯಲಿಲ್ಲ ಈ ಸಲ.
ಯೂನಿಫಾರ್ಮ್ ನನ್ನಲ್ಲೇ ಇಟ್ಟುಕೊಂಡು
ಶಟರ್ ಎಳೆದು ಯಾರ್ಡಿಗೆ ನಡೆದೆ.
ಕಾಟಾ ಪಕ್ಕ ನಿಂತು ಆ ಮನುಷ್ಯನಿಗೆ ಹೇಗೆ ಹೇಳಿದೆನೋ,
ಲಾರಿ ಗದ್ದಲದಲ್ಲಿ ಎರಡು ಸಲ ಹೇಳಬೇಕಾಯಿತು:
"ನಿಮ್ಮ ಮಗಳು ಕಮ್ಮಿಯಾಗ್ತಿದ್ದಾಳೆ."
ತೂಗುತ್ತಿದ್ದ ಮೂಟೆ ಹಾಗೇ ಬಿಟ್ಟರು.

ಯುಗಾದಿ ಕಳೆದು ಒಂದು ದಿನ ಅವರೇ ಬಂದರು.
ಜಿಲ್ಲಾಸ್ಪತ್ರೆ, ಅಲ್ಲಿಂದ ಮನಸ್ಸಿನ ಡಾಕ್ಟರು.
"ಬೆನ್ನು ತಿರುಗಿಸಿ ನಿಲ್ಲಿಸಿ ತೂಗ್ತಾರೆ ಅಕ್ಕ,
ಅಂಕಿ ಅವಳ ಕಣ್ಣಿಗೆ ಬೀಳಬಾರದಂತೆ.
ನನಗೂ ಹೇಳಲಿಲ್ಲ. ನಾನೂ ಕೇಳಲಿಲ್ಲ."
ಇಪ್ಪತ್ತು ವರ್ಷ ಅಂಕಿ ಕೂಗಿದ ಗಂಟಲು
ಅಲ್ಲಿಗೆ ನಿಂತಿತು.
ಆಮೇಲೆ ಹೊಸಿಲ ಮೇಲೆ ಕೂತು ಮೆಲ್ಲಗೆ:
ಒಂದು ದಿನ ತಿಂದರೆ ಎರಡು ದಿನ ಜಗಳವಂತೆ,
ಸಾರಿನ ಸಮೇತ ತಟ್ಟೆ ಗೋಡೆಗೆ ಹೋದದ್ದೂ ಉಂಟಂತೆ.

ಈ ಜೂನ್.
ಬಾಗಿಲಲ್ಲಿ ಇಂಚರ, ಟೇಪು ಕಂಡು ಒಂದು ಹೆಜ್ಜೆ ಹಿಂದೆ.
ಟೇಪನ್ನು ಡ್ರಾಯರಿಗೆ ಹಾಕಿ
ರೀಲಿನಿಂದ ಬಿಳಿ ದಾರ ಎಳೆದು ಸುತ್ತಿದೆ,
ನಮ್ಮವ್ವ ಮಾಡುತ್ತಿದ್ದಂತೆ,
ಎದೆಗೊಂದು ಗಂಟು, ಸೊಂಟಕ್ಕೊಂದು.
"ಎಷ್ಟು ಬಂತು ಆಂಟಿ?"
"ಒಂದು ದಾರ."
ನಗಲಿಲ್ಲ. ನಂಬಿದಳೋ ಇಲ್ಲವೋ.
ಮೇಜಿನ ಮೇಲಿಟ್ಟಿದ್ದ ಬನ್ನು ಹಾಗೇ ಇತ್ತು,
ಅದರ ನೆತ್ತಿಯ ಕೆಂಪು ಚೆರಿ ಇರಲಿಲ್ಲ.
ನಾನು ಮಷಿನ್ನಿಗೆ ಎಣ್ಣೆ ಬಿಡುತ್ತಾ
ಆ ಕಡೆ ನೋಡಲಿಲ್ಲ.

ರಾತ್ರಿ, ಹಳೆಯ ಯೂನಿಫಾರ್ಮಿನ ಪಕ್ಕೆ ಬಿಚ್ಚಿದೆ.
ದಸರೆಯ ಹೊಲಿಗೆ, ಆಗಸ್ಟಿನದು,
ಕೊನೆಗೆ ಮೊಟ್ಟಮೊದಲ ಹೊಲಿಗೆ.
ಒಳಗೆ ಬಿಟ್ಟ ಬಟ್ಟೆ
ಬಿಸಿಲನ್ನೂ ಕಾಣದೆ, ಬಣ್ಣವನ್ನೂ ಬಿಡದೆ,
ಅಂಗಡಿಗೆ ಬಂದ ದಿನದ ನೀಲಿಯಲ್ಲೇ ಇತ್ತು.